ಸಲೀಂ ಅಲಿ ಮತ್ತು ಮಂಗನ ಕಾಯಿಲೆ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಜನರಿಗೆ ಮಂಗನ ಕಾಯಿಲೆಯೆಂದರೆ ಬೇಸಿಗೆಯೊಡನೆ ಬರುವ ಭಯ. ಪಕ್ಷಿತಜ್ಞ ಸಲೀಂ ಅಲಿಯವರು ಎದುರಿಸಿದ ಅತ್ಯಂತ ಕಹಿಯಾದ ವಿವಾದದ ಬೇರೂ ಇಲ್ಲಿಯೇ ಇದೆ.

1896ರ ನವೆಂಬರ್ 12ರಂದು ಮುಂಬೈಯಲ್ಲಿ ಜನಿಸಿದ ಸಲೀಂ ಅಲಿ ಎಳವೆಯಲ್ಲೇ ತಂದೆತಾಯಿಯರನ್ನು ಕಳೆದುಕೊಂಡು ಸೋದರಮಾವನ ಆಶ್ರಯದಲ್ಲಿ ಬೆಳೆದರು. ತಾವೇ ಹೊಡೆದುರುಳಿಸಿದ ಹಳದಿ ಕತ್ತಿನ ಗುಬ್ಬಿಯೊಂದು ಅವರನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲಿಗೆ ಕರೆದೊಯ್ದ ಕತೆ ಪ್ರಸಿದ್ಧ. ಪದವಿಯಿಲ್ಲವೆಂದು ಸರ್ಕಾರಿ ಹುದ್ದೆ ಕೈತಪ್ಪಿತು. (ನಮ್ಮ ನೇಮಕಾತಿ ನಿಯಮಗಳು ದೇಶಕ್ಕೆ ಮಾಡಿದ ಉಪಕಾರಗಳಲ್ಲಿ ಇದೊಂದು!) ಬರ್ಲಿನ್ನಿನಲ್ಲಿ ಕಲಿತು ಬಂದು ಸಂಸ್ಥಾನಗಳ ಪಕ್ಷಿ ಸಮೀಕ್ಷೆಗೆ ತೊಡಗಿದರು. 1939ರಲ್ಲಿ ಪತ್ನಿ ತೆಹಮಿನಾ ತೀರಿಕೊಂಡರು; ಆ ದುಃಖದ ಬೆನ್ನಿಗೇ ಮೈಸೂರು ಸಂಸ್ಥಾನದ ಸಮೀಕ್ಷೆ ಕೈಗೊಂಡರು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಸುತ್ತಲಿನ ಜನ ಜ್ವರಕ್ಕೆ ಬಲಿಯಾದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರ ಪತ್ತೆಹಚ್ಚಿದ ಹೊಸ ವೈರಸ್, ರಷ್ಯಾದಲ್ಲಿ ಉಣ್ಣೆಗಳಿಂದ ಹರಡುವ ವೈರಸ್‌ಗಳ ಬಂಧುವಾಗಿತ್ತು. ಹಾಗಾದರೆ ಚಳಿಗಾಲದ ವಲಸೆ ಹಕ್ಕಿಗಳು ಸೋಂಕಿನ ಉಣ್ಣೆಗಳನ್ನು ಸೈಬೀರಿಯಾದಿಂದ ಹೊತ್ತು ತಂದವೇ? ಉತ್ತರ ಹುಡುಕಲು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, 1959ರಲ್ಲಿ, ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಯೋಜನೆ ಆರಂಭವಾಯಿತು. ಮುಂದೆ ಅಮೆರಿಕದ ಸೇನೆಯ ವಲಸೆ ಪ್ರಾಣಿ ರೋಗ ಸಮೀಕ್ಷೆಯ ಹಣವೂ ಬಂತು. ವಿವಾದಕ್ಕೆ ಕಾರಣವಾದದ್ದು ಇದೇ.

ಯಾವ ಹಕ್ಕಿ, ಯಾವ ಋತುವಿನಲ್ಲಿ, ಯಾವ ದೇಶಕ್ಕೆ, ಯಾವ ಉಣ್ಣೆಯೊಡನೆ ಹಾರುತ್ತದೆಂಬ ವಿವರ ಜೈವಿಕ ಅಸ್ತ್ರ ತಯಾರಿಸುವವನಿಗೂ ಉಪಯುಕ್ತ. 1974ರಲ್ಲಿ ಪತ್ರಿಕೆಗಳಲ್ಲಿ ಸಂಶಯ ಭುಗಿಲೆದ್ದಿತು. 1975ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯು ವಿದೇಶಿ ಸಹಯೋಗದ ಸಂಶೋಧನೆಗಳ ಕುರಿತ ತನ್ನ 167ನೇ ವರದಿಯಲ್ಲಿ ಈ ಯೋಜನೆಯನ್ನೂ ಕಟುವಾಗಿ ವಿಮರ್ಶಿಸಿತು. ಸಲೀಂ ಅಲಿಯವರೊಡನೆ ಭಾರತದ ಪಕ್ಷಿಗಳ ಹತ್ತು ಸಂಪುಟಗಳ ಕೈಪಿಡಿಯನ್ನು ರಚಿಸಿದ ಡಿಲನ್ ರಿಪ್ಲೆ ಯುದ್ಧಕಾಲದಲ್ಲಿ ಅಮೆರಿಕದ ಗೂಢಚರ್ಯೆ ಸಂಸ್ಥೆಯಲ್ಲಿದ್ದದ್ದು ಸಂಶಯವನ್ನು ಇಮ್ಮಡಿಸಿತು. ಎಂಬತ್ತರ ಸಮೀಪದಲ್ಲಿದ್ದ ಸಲೀಂ ಅಲಿ ಆರೋಪವನ್ನು ನಿರಾಕರಿಸಿದರು.

ಕಡತಗಳ ನಡುವೆ ಬಾಳಿದ ನನಗೆ ಸಮಿತಿಯ ಪ್ರಶ್ನೆ ಅನುಚಿತವೆನಿಸದು. ಹಣ ಕೊಡುವ ಸೇನೆಗೆ ಅದರದೇ ಆಸಕ್ತಿ ಇರುತ್ತದೆ. ಅದನ್ನು ಕೇಳುವುದು ಲೆಕ್ಕಪತ್ರ ಸಮಿತಿಯ ಧರ್ಮ. ಆದರೆ ಹಣದ ಮೂಲವನ್ನು ಬಯಲಿಗೆಳೆಯುವುದು ಬೇರೆ, ಅರಿವನ್ನೇ ಬೀಗ ಹಾಕಿಡುವುದು ಬೇರೆ. ಏಷ್ಯಾದ ಹಕ್ಕಿಗಳ ವಲಸೆ ಕುರಿತು ಆ ಸೇನಾ ಸಮೀಕ್ಷೆಯ ಬೃಹತ್ ಗ್ರಂಥ 1974ರಲ್ಲೇ ಪ್ರಕಟವಾಗಿ ಎಲ್ಲರ ಕೈಗೂ ಎಟುಕಿತ್ತು. ಅದನ್ನು ಮುಚ್ಚಿಟ್ಟಿದ್ದರೆ ಅದನ್ನು ಬಳಸುವ ಅವಕಾಶ ಸೇನೆಗೆ ಮಾತ್ರ ಉಳಿಯುತ್ತಿತ್ತು. ಕಾಯಿಲೆಯ ಜಾಡು ಹಿಡಿಯಬೇಕಾದ ನಮ್ಮ ವೈದ್ಯರಿಗೆ ಇರುತ್ತಿರಲಿಲ್ಲ.

ಹಕ್ಕಿಗಳು ಸೈಬೀರಿಯಾದಿಂದ ರೋಗ ತಂದವೆಂಬುದು ಸಿದ್ಧಪಡಲಿಲ್ಲ. ನಮ್ಮ ಕಾಡಿನದೇ ಉಣ್ಣೆ, ಮಂಗ ಮತ್ತು ಇಲಿ ಹೆಗ್ಗಣಗಳ ನಡುವೆ ವೈರಸ್ ಸುತ್ತುತ್ತಿರುವುದು ತಿಳಿದದ್ದು ಮಲೆನಾಡಿನಲ್ಲೇ ನಡೆದ ಕೆಲಸದಿಂದ. ಸಲೀಂ ಅಲಿಯವರಿಗೆ 1976ರಲ್ಲಿ ಪದ್ಮವಿಭೂಷಣ ದೊರೆಯಿತು, 1985ರಲ್ಲಿ ರಾಜ್ಯಸಭೆಗೆ ನಾಮಕರಣವಾಯಿತು. 1987ರ ಜೂನ್ 20ರಂದು ಅವರು ನಿಧನರಾದರು. ಮಂಗನ ಕಾಯಿಲೆ 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮತ್ತೆ ಹಲವರನ್ನು ಬಲಿ ತೆಗೆದುಕೊಂಡಿತು.