ಮೂರನೇ ಸೋಮೇಶ್ವರ

ಮೂರನೇ ಸೋಮೇಶ್ವರನು (ಆಳ್ವಿಕೆ: ಸು. 1126–1138) ಕಲ್ಯಾಣ ಚಾಲುಕ್ಯ ವಂಶದ ಅರಸ ಮತ್ತು ಸಂಸ್ಕೃತ ಗ್ರಂಥಕರ್ತ. ಭೂಲೋಕಮಲ್ಲ, ಸರ್ವಜ್ಞಭೂಪ ಎಂಬ ಬಿರುದುಗಳು ಇವನಿಗಿದ್ದವು. ಇವನು ರಚಿಸಿದ ಮಾನಸೋಲ್ಲಾಸವು ರಾಜನೀತಿ, ಅಡುಗೆ, ಸಂಗೀತ, ಚಿತ್ರಕಲೆಗಳೊಡನೆ ಕುದುರೆ ಮತ್ತು ಆನೆಗಳ ಪಾಲನೆ ಹಾಗೂ ಚಿಕಿತ್ಸೆಯನ್ನೂ ವಿವರಿಸುವ ವಿಶ್ವಕೋಶ ಸ್ವರೂಪದ ಕೃತಿ.

ಮನೆತನ ಮತ್ತು ಆಳ್ವಿಕೆ

ಸೋಮೇಶ್ವರನು ಆರನೇ ವಿಕ್ರಮಾದಿತ್ಯನ ಮಗ. ಇವನ ರಾಜಧಾನಿ ಕಲ್ಯಾಣ, ಅಂದರೆ ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣ. ತಂದೆಯ ದೀರ್ಘ ಆಳ್ವಿಕೆಯ ನಂತರ ವಿಶಾಲ ರಾಜ್ಯವು ಇವನ ಕೈಸೇರಿತು. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನನು ಸ್ವತಂತ್ರನಾಗಲು ಯತ್ನಿಸುತ್ತಿದ್ದನು. ಆದರೂ ಸೋಮೇಶ್ವರನು ಯುದ್ಧಗಳಿಗಿಂತ ವಿದ್ವತ್ತಿನಿಂದಲೇ ಹೆಚ್ಚು ಪ್ರಸಿದ್ಧನಾದನು. ತಂದೆಯ ಚರಿತ್ರೆಯಾದ ವಿಕ್ರಮಾಂಕಾಭ್ಯುದಯವನ್ನೂ ಬರೆಯತೊಡಗಿದನು, ಅದು ಅಪೂರ್ಣವಾಗಿದೆ.

ಪಶುವೈದ್ಯದ ಆಸಕ್ತಿ ಈ ಮನೆತನದಲ್ಲಿ ಮೊದಲೇ ಇತ್ತು. ವಿಕ್ರಮಾದಿತ್ಯನ ಸಹೋದರ ಕೀರ್ತಿವರ್ಮನು ರಚಿಸಿದ ಗೋವೈದ್ಯವು ಕನ್ನಡದಲ್ಲಿ ದೊರೆತಿರುವ ಅತ್ಯಂತ ಹಳೆಯ ಪಶುವೈದ್ಯ ಗ್ರಂಥವೆಂದು ಪರಿಗಣಿತವಾಗಿದೆ.

ಮಾನಸೋಲ್ಲಾಸ

1129ರಲ್ಲಿ ರಚಿತವಾದ ಈ ಕೃತಿಗೆ ಅಭಿಲಷಿತಾರ್ಥ ಚಿಂತಾಮಣಿ ಎಂಬ ಹೆಸರೂ ಇದೆ. ಇದರಲ್ಲಿ 20 ಅಧ್ಯಾಯಗಳಂತೆ ಐದು ವಿಂಶತಿಗಳು, ಒಟ್ಟು 100 ಅಧ್ಯಾಯಗಳಿವೆ. ಮೊದಲ ವಿಂಶತಿ ರಾಜ್ಯವನ್ನು ಪಡೆಯುವ ಬಗೆಯನ್ನೂ ಎರಡನೆಯದು ಅದನ್ನು ಸ್ಥಿರಗೊಳಿಸುವ ಬಗೆಯನ್ನೂ ಹೇಳುತ್ತವೆ. ಉಳಿದ ಮೂರು ಅರಸನ ಉಪಭೋಗ, ವಿನೋದ ಮತ್ತು ಕ್ರೀಡೆಗಳಿಗೆ ಮೀಸಲಾಗಿವೆ.

ಅಶ್ವಪಾಲನೆ

ಸೇನೆಯ ಕುದುರೆ, ಆನೆಗಳ ಚಿಕಿತ್ಸೆಯ ವಿಷಯವು ಎರಡನೆಯ ವಿಂಶತಿಯಲ್ಲಿ ಬರುವುದು ಗಮನಾರ್ಹ. ಅಶ್ವದ ಆರೋಗ್ಯವನ್ನು ಇಲ್ಲಿ ರಾಜ್ಯದ ಸ್ಥೈರ್ಯದ ಅಂಗವಾಗಿಯೇ ಕಾಣಲಾಗಿದೆ. ಜ್ವರ, ಗಾಯ ಮತ್ತು ಹೊಟ್ಟೆಯ ತೊಂದರೆಗಳು, ತಕ್ಕ ಆಹಾರ, ಆರೈಕೆ ಹಾಗೂ ಔಷಧಗಳ ತಯಾರಿಕೆ ಇದರಲ್ಲಿ ನಿರೂಪಿತವಾಗಿವೆ. ಔಷಧಯೋಗಗಳಲ್ಲಿ 40ಕ್ಕೂ ಹೆಚ್ಚು ಬಗೆಯ ಮೂಲಿಕೆಗಳ ಹೆಸರುಗಳಿವೆ. ವಿನೋದ ವಿಂಶತಿಯು ಪೋಲೊವನ್ನು ಹೋಲುವ ತುರಗವಾಹ್ಯಾಳಿ ಎಂಬ ಕುದುರೆಯಾಟವನ್ನು ವರ್ಣಿಸುತ್ತದೆ.

ಈ ಕಾಳಜಿಗೆ ಕಾರಣವಿತ್ತು. ದಖನ್ನಿನ ಅರಸರು ಉತ್ತಮ ಕುದುರೆಗಳಿಗಾಗಿ ಅರೇಬಿಯಾ, ಪರ್ಷಿಯಾಗಳಿಂದ ಸಮುದ್ರಮಾರ್ಗವಾಗಿ ಬರುವ ದುಬಾರಿ ಆಮದನ್ನು ಅವಲಂಬಿಸಿದ್ದರು. ಸತ್ತ ಕುದುರೆಗೆ ಬದಲಿ ಒದಗಿಸುವುದು ಸುಲಭವಾಗಿರಲಿಲ್ಲ. ಕುದುರೆಯ ಜಠರವು ದೇಹಕ್ಕೆ ಹೋಲಿಸಿದರೆ ಚಿಕ್ಕದು. ಅದು ವಾಂತಿ ಮಾಡಲಾರದು. ಆದ್ದರಿಂದ ಒಗ್ಗದ ಮೇವಿನಿಂದ ಬರುವ ಹೊಟ್ಟೆಶೂಲೆ ಪ್ರಾಣಾಂತಿಕವಾಗಬಹುದು. 13ನೇ ಶತಮಾನದ ಕೊನೆಯಲ್ಲಿ ಪಾಂಡ್ಯ ನಾಡನ್ನು ಕಂಡ ಮಾರ್ಕೊ ಪೋಲೊ, ಅಲ್ಲಿ ಪ್ರತಿವರ್ಷ ಸಾವಿರಾರು ಕುದುರೆಗಳನ್ನು ತರಿಸುತ್ತಿದ್ದರೂ ಅವುಗಳ ಆರೈಕೆ ಬಲ್ಲವರಿಲ್ಲದೆ ಹೆಚ್ಚಿನವು ಸಾಯುತ್ತಿದ್ದವೆಂದೂ, ಅವಕ್ಕೆ ಬೇಯಿಸಿದ ಮಾಂಸ ಮತ್ತು ಅನ್ನವನ್ನು ತಿನ್ನಿಸುತ್ತಿದ್ದರೆಂದೂ ದಾಖಲಿಸಿದ್ದಾನೆ.

ನಂತರದ ಕಾಲ

ಸೋಮೇಶ್ವರನ ನಂತರ ಅವನ ಮಕ್ಕಳಾದ ಇಮ್ಮಡಿ ಜಗದೇಕಮಲ್ಲ ಮತ್ತು ಮೂರನೇ ತೈಲಪ ಅನುಕ್ರಮವಾಗಿ ಆಳಿದರು. 1150ರ ದಶಕದಲ್ಲಿ ಅಧಿಕಾರವು ಕಲಚೂರಿ ಬಿಜ್ಜಳನ ವಶವಾಯಿತು. ರಾಜ್ಯವನ್ನು ಸ್ಥಿರಗೊಳಿಸುವ ಬಗೆಯನ್ನು ಬರೆದ ಅರಸನ ರಾಜ್ಯವು ಅವನ ಮರಣದ ನಂತರ ಎರಡು ದಶಕಗಳೂ ಸ್ಥಿರವಾಗಿ ಉಳಿಯಲಿಲ್ಲ, ಗ್ರಂಥವು ಉಳಿಯಿತು. ಕುದುರೆಗಳ ಚಿಕಿತ್ಸೆಯನ್ನು ಕುರಿತ ಬರವಣಿಗೆ ಕನ್ನಡದಲ್ಲಿಯೂ ನಡೆಯಿತು. ಅಭಿನವಚಂದ್ರನ ಅಶ್ವವೈದ್ಯ ಇದಕ್ಕೆ ನಿದರ್ಶನ. ಮಾನಸೋಲ್ಲಾಸದ ಮೊದಲ ಭಾಗವನ್ನು ಆರ್. ಶಾಮಶಾಸ್ತ್ರಿಗಳು ಸಂಪಾದಿಸಿ 1926ರಲ್ಲಿ ಮೈಸೂರಿನಿಂದ ಪ್ರಕಟಿಸಿದರು.