ಮಕ್ಕಳ ಕೈಗೆ ಕಥೆ ಕೊಟ್ಟ ಪಂಜೆ ಮಂಗೇಶರಾಯರು



ನಮ್ಮ ಹೂಡಿಯಲ್ಲಿ ಬೆಳಿಗ್ಗೆ ಶಾಲೆಗೆ ಹೊರಟ ಹತ್ತು ಮಕ್ಕಳನ್ನು ನಿಲ್ಲಿಸಿ, ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಎಂದು ಕೇಳಿದರೆ ಉರ್ದು, ತೆಲುಗು, ತಮಿಳು, ಹಿಂದಿ, ಕನ್ನಡ ಎಂದು ನಾಲ್ಕೈದು ಉತ್ತರಗಳು ಬರುತ್ತವೆ. ಕಾರ್ಖಾನೆ ಮತ್ತು ಐಟಿ ಕಂಪೆನಿಗಳ ಕೆಲಸಕ್ಕಾಗಿ ನಾನಾ ಕಡೆಯಿಂದ ಜನರು ಬಂದು ನೆಲೆಸಿದ ಊರು ಇದು. ಮನೆಯಲ್ಲಿ ಉರ್ದು ಆಡಿ ಶಾಲೆಯಲ್ಲಿ ಕನ್ನಡ ಓದಬೇಕಾದ ಮಕ್ಕಳಿಗೆ ಪಾಠ ಹೇಳುವುದು ನನ್ನ ವೃತ್ತಿ. ಗಣಿತದಲ್ಲಿ, ವಿಜ್ಞಾನದಲ್ಲಿ ಒಳ್ಳೆಯ ಅಂಕ ಪಡೆಯುವ ಮಕ್ಕಳು ಸಹ ಕನ್ನಡ ಪತ್ರಿಕೆ ಎಂದರೆ ಹೆದರುವುದನ್ನು ನಾನು ಕಂಡಿದ್ದೇನೆ. ಈ ಹೆದರಿಕೆ ಪರೀಕ್ಷೆಯಲ್ಲಿ ಮಾತ್ರ ನಿಲ್ಲುವುದಿಲ್ಲ. ಮುಂದೆ ಸರಕಾರಿ ಕೆಲಸಕ್ಕೆ ಅರ್ಜಿ ಹಾಕುವಾಗ, ಕಚೇರಿಯಲ್ಲಿ ಒಂದು ಮನವಿ ಬರೆಯುವಾಗಲೂ ಬೆನ್ನಿಗೆ ಬರುತ್ತದೆ.

ಹಾಗಾದರೆ ಮನೆಯ ಭಾಷೆ ಬೇರೆಯಾದ ಮಗುವಿಗೆ ಕನ್ನಡ ಒಲಿಯುವುದು ಹೇಗೆ? ಈ ಪ್ರಶ್ನೆಗೆ ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟ ಒಬ್ಬ ಶಿಕ್ಷಕರಿದ್ದಾರೆ. ಅವರೇ ಕನ್ನಡ ಶಿಶುಸಾಹಿತ್ಯಕ್ಕೆ ಗಟ್ಟಿ ಬುನಾದಿ ಹಾಕಿದ ಪಂಜೆ ಮಂಗೇಶರಾಯರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಮಂಗೇಶರಾಯರು 1874ರ ಫೆಬ್ರವರಿ 22ರಂದು ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳದಲ್ಲಿ ಹುಟ್ಟಿದರು. ತಂದೆ ರಾಮಪ್ಪಯ್ಯ, ತಾಯಿ ಸೀತಮ್ಮ. ಆಗ ಆ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಬಂಟ್ವಾಳವು ನೇತ್ರಾವತಿ ನದಿಯ ದಂಡೆಯ ಪೇಟೆ. ಮಂಗೇಶರಾಯರ ಮನೆಯ ಮಾತು ಕೊಂಕಣಿ. ಬೀದಿಗಿಳಿದರೆ ತುಳು. ನೆರೆಹೊರೆಯ ಮುಸಲ್ಮಾನರ ಮನೆಗಳಲ್ಲಿ ಬ್ಯಾರಿ. ಶಾಲೆಯಲ್ಲಿ ಕನ್ನಡ, ಮೇಲಿನ ತರಗತಿಗೆ ಹೋದರೆ ಇಂಗ್ಲಿಷ್. ಅಂದರೆ ಮುಂದೆ ಕನ್ನಡದ ಮಕ್ಕಳಿಗೆಲ್ಲ ಹಾಡು ಕಥೆ ಕೊಟ್ಟ ಈ ಮಹನೀಯರಿಗೆ ಕನ್ನಡ ತಾಯಿಯ ಮಡಿಲಲ್ಲಿ ಸಿಕ್ಕ ಭಾಷೆಯಾಗಿರಲಿಲ್ಲ. ಅದನ್ನು ಅವರು ನಮ್ಮ ಮಕ್ಕಳಂತೆಯೇ ಶಾಲೆಯಲ್ಲಿ ಕಲಿತರು. ಈ ಒಂದು ಸಂಗತಿಯನ್ನು ವಿದ್ಯಾರ್ಥಿಗಳು ಚೆನ್ನಾಗಿ ನೆನಪಿಡಬೇಕು.

ಮನೆಯಲ್ಲಿ ಅನುಕೂಲ ಹೆಚ್ಚಿರಲಿಲ್ಲ. ಬಂಟ್ವಾಳದಲ್ಲಿ ಆರಂಭದ ಓದು ಮುಗಿಸಿ ಹೆಚ್ಚಿನ ವಿದ್ಯೆಗೆ ಮಂಗಳೂರಿಗೆ ಬಂದರು. ಅಲ್ಲಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ ಕೆಲಸ ಮಾಡಿದರು. ಬಿ.ಎ. ಪದವಿಯ ಜೊತೆಗೆ ಎಲ್.ಟಿ. ಎಂಬ ಶಿಕ್ಷಕ ತರಬೇತಿಯ ಪರೀಕ್ಷೆಯನ್ನೂ ಮುಗಿಸಿದರು. ಇಂದಿನ ನಮ್ಮ ಬಿ.ಎಡ್. ಇದ್ದಂತೆ ಅಂದಿನ ಎಲ್.ಟಿ.

ಅವರ ಭಾವಮೈದುನರಾದ ಬೆನಗಲ್ ರಾಮರಾಯರು 1900ರಲ್ಲಿ ಮಂಗಳೂರಿನಿಂದ ಸುವಾಸಿನಿ ಎಂಬ ಮಾಸಪತ್ರಿಕೆ ಹೊರಡಿಸಿದರು. ಆಗ 26 ವರ್ಷದವರಾಗಿದ್ದ ಮಂಗೇಶರಾಯರು ಅದರಲ್ಲಿ ಸಣ್ಣ ಕಥೆಗಳನ್ನು ಬರೆದರು. ನನ್ನ ಚಿಕ್ಕತಾಯಿ ಮುಂತಾದ ಆ ಬರಹಗಳನ್ನು ಕನ್ನಡದ ಮೊದಮೊದಲ ಸಣ್ಣ ಕಥೆಗಳ ಸಾಲಿನಲ್ಲಿ ವಿಮರ್ಶಕರು ಇಟ್ಟಿದ್ದಾರೆ. ಕವಿಶಿಷ್ಯ ಎಂಬುದು ಅವರು ಇಟ್ಟುಕೊಂಡ ಕಾವ್ಯನಾಮ. ತಮ್ಮನ್ನು ಕವಿ ಎಂದು ಕರೆದುಕೊಳ್ಳದೆ ಕವಿಗಳ ಶಿಷ್ಯ ಎಂದು ಕರೆದುಕೊಂಡ ವಿನಯ ಅವರದು.

ಶಾಲೆಗಳ ತನಿಖೆ

ಮುಂದೆ ಅವರು ಶಾಲಾ ಇನ್‌ಸ್ಪೆಕ್ಟರರಾದರು. ಆ ಕಾಲದಲ್ಲಿ ಇನ್‌ಸ್ಪೆಕ್ಟರರು ಬರುತ್ತಾರೆ ಎಂದರೆ ಮೇಷ್ಟರಿಗೂ ನಡುಕ, ಮಕ್ಕಳಿಗೂ ನಡುಕ. ಹೊಳೆ, ಗುಡ್ಡ, ಕಾಡು ತುಂಬಿದ ಜಿಲ್ಲೆಯಲ್ಲಿ ಊರಿಂದೂರಿಗೆ ಹೋಗುವುದೇ ದೊಡ್ಡ ಪ್ರಯಾಣ. ಮಂಗೇಶರಾಯರು ಹೋದ ಕಡೆಯೆಲ್ಲ ಅವರ ಕಣ್ಣಿಗೆ ಬಿದ್ದದ್ದು ಒಂದೇ ಕೊರತೆ. ಮಕ್ಕಳ ಕೈಯಲ್ಲಿ ಅವರ ವಯಸ್ಸಿಗೆ ಹಿಡಿಸುವ ಪುಸ್ತಕವಿರಲಿಲ್ಲ. ಇದ್ದವುಗಳ ಪದಗಳು ಕಠಿಣ, ವಿಷಯ ಒಣ. ತುಳು, ಕೊಂಕಣಿ ಆಡುವ ಮಗು ಅದನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿತ್ತು, ಅರ್ಥ ಮಾಡಿಕೊಳ್ಳುತ್ತಿರಲಿಲ್ಲ.

ಇದನ್ನು ಓದುವಾಗ ನನಗೆ ನನ್ನದೇ ತಪ್ಪು ನೆನಪಾಗುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಕಪ್ಪುಹಲಗೆಯ ತುಂಬ ಪದ ಮತ್ತು ಅರ್ಥ ಬರೆದು ಮಕ್ಕಳಿಂದ ಹತ್ತು ಸಲ ಬರೆಸುತ್ತಿದ್ದೆ. ನಾಲ್ಕನೆಯ ತರಗತಿಯ ಒಬ್ಬ ಹುಡುಗ ಅಷ್ಟನ್ನೂ ಮುದ್ದಾಗಿ ಬರೆದು ತೋರಿಸಿದ. ಆದರೆ ಪುಸ್ತಕ ಮುಚ್ಚಿ ಕೇಳಿದಾಗ ಒಂದು ಪದಕ್ಕೂ ಅರ್ಥ ಹೇಳಲಿಲ್ಲ. ಅವನು ಅಕ್ಷರಗಳನ್ನು ಗೆರೆಗಳಂತೆ ನಕಲು ಮಾಡಿದ್ದ, ಅಷ್ಟೇ. ತಪ್ಪು ಹುಡುಗನದಲ್ಲ, ಕಲಿಸಿದ ನನ್ನದು.

ಮಂಗೇಶರಾಯರು ದೂರುತ್ತ ಕೂರಲಿಲ್ಲ, ತಾವೇ ಬರೆಯತೊಡಗಿದರು. ನಾಗರ ಹಾವೆ, ತೆಂಕಣ ಗಾಳಿಯಾಟ ಮುಂತಾದ ಹಾಡುಗಳು ಹುಟ್ಟಿದವು. ನಾಗರ ಹಾವಿನ ಹಾಡಿನಲ್ಲಿ ಮಗುವೇ ಹಾವನ್ನು ಮಾತಾಡಿಸುತ್ತದೆ. ಗಾಳಿಯ ಹಾಡಿನಲ್ಲಿ ಬೀಸುವ, ಬೀಳಿಸುವ, ಹಾರಿಸುವ ಸದ್ದುಗಳೇ ಪದಗಳಾಗಿ ಬರುತ್ತವೆ. ಅರ್ಥ ಗೊತ್ತಿಲ್ಲದ ಮಗುವಿಗೂ ಗಾಳಿ ಜೋರಾಯಿತು ಎಂಬುದು ಕಿವಿಯಿಂದಲೇ ತಿಳಿಯುತ್ತದೆ. ಬಿ.ಎಂ. ಶ್ರೀಕಂಠಯ್ಯನವರ ಇಂಗ್ಲಿಷ್ ಗೀತಗಳು 1926ರಲ್ಲಿ ಪುಸ್ತಕವಾಗಿ ಬರುವ ಮೊದಲೇ ಹೊಸ ಬಗೆಯ ಕನ್ನಡ ಪದ್ಯಗಳನ್ನು ಬರೆದವರಲ್ಲಿ ಇವರೂ ಒಬ್ಬರು.

ಕಥೆಗಳು ಮತ್ತು ಚಿತ್ರಗಳು

ಮಂಗಳೂರು ಕನ್ನಡ ಮುದ್ರಣಕ್ಕೆ ಹೆಸರಾದ ಊರು. ಬಾಸೆಲ್ ಮಿಷನ್‌ನವರು 1841ರಲ್ಲಿ ಅಲ್ಲಿ ಕಲ್ಲಚ್ಚಿನ ಮುದ್ರಣ ಆರಂಭಿಸಿದರು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ ಬಂದದ್ದು, ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾದದ್ದು ಇಲ್ಲಿಯೇ. ಇದೇ ಮುದ್ರಣಾಲಯಕ್ಕಾಗಿ ಮಂಗೇಶರಾಯರು ಶಾಲಾ ಮಕ್ಕಳ ಪದ್ಯ ಪುಸ್ತಕಗಳನ್ನು ಸಂಪಾದಿಸಿ ಕೊಟ್ಟರು. ಮಕ್ಕಳ ಪುಸ್ತಕಗಳನ್ನು ಹೊರತರಲು ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟುವುದರಲ್ಲಿಯೂ ಅವರ ಶ್ರಮವಿತ್ತು.

ಅವರ ಕಥೆಗಳಲ್ಲಿ ಎರಡನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ. ಮೂರು ಕರಡಿಗಳು ಎಂಬುದು ಇಂಗ್ಲಿಷಿನಿಂದ ಬಂದ ಕಥೆ. ರಾಬರ್ಟ್ ಸದೀ ಎಂಬ ಕವಿ ಅದನ್ನು 1837ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ್ದರು. ದೊಡ್ಡ ಕರಡಿ, ನಡುವಿನ ಕರಡಿ, ಚಿಕ್ಕ ಕರಡಿ. ಬಟ್ಟಲು, ಕುರ್ಚಿ, ಹಾಸಿಗೆ ಎಲ್ಲವೂ ಮೂರು ಮೂರು. ಒಂದೇ ಮಾತು ಮೂರು ಸಲ ಬರುವುದರಿಂದ ಮೊದಲ ಸಲ ತಿಳಿಯದ ಪದ ಮೂರನೆಯ ಸಲ ತಿಳಿಯುತ್ತದೆ. ಪಕ್ಕದಲ್ಲಿ ಚಿತ್ರವಿದ್ದರೆ ಇನ್ನೂ ಬೇಗ ತಿಳಿಯುತ್ತದೆ.

ಸಿಗಡಿ ಯಾಕೆ ಒಣಗಲಿಲ್ಲ ಎಂಬುದು ಸರಪಳಿ ಕಥೆ. ಒಬ್ಬರನ್ನು ಕೇಳಿದರೆ ಇನ್ನೊಬ್ಬರ ಮೇಲೆ ಹಾಕುತ್ತಾರೆ, ಅವರನ್ನು ಕೇಳಿದರೆ ಮತ್ತೊಬ್ಬರ ಮೇಲೆ. ಪ್ರತಿ ಸಲವೂ ಯಾಕೆ ಎಂಬ ಪ್ರಶ್ನೆ, ಅದಕ್ಕೊಂದು ಉತ್ತರ. ಪ್ರಶ್ನೆ ಕೇಳುವುದು, ಉತ್ತರ ಹೇಳುವುದು ಎರಡನ್ನೂ ಮಗು ಆಟವಾಡುತ್ತಲೇ ಕಲಿಯುತ್ತದೆ. ಮನೆಯಲ್ಲಿ ಝೀಂಗಾ ಎನ್ನುವ ಮಗುವಿಗೆ ಸಿಗಡಿ ಎಂದರೆ ಅದೇ ಎಂದು ಚಿತ್ರ ತೋರಿಸಿದರೆ ಸಾಕು, ನಿಘಂಟು ಬೇಡ.

ಆಗಿನ ಮುದ್ರಣದಲ್ಲಿ ಪ್ರತಿಯೊಂದು ಚಿತ್ರಕ್ಕೂ ಬೇರೆಯಾಗಿ ಬ್ಲಾಕ್ ಮಾಡಿಸಬೇಕಾಗಿತ್ತು. ಅದು ಖರ್ಚಿನ ಕೆಲಸ. ಬಣ್ಣದ ಪುಟಗಳಂತೂ ಸಾಮಾನ್ಯ ಮಕ್ಕಳ ಕೈಗೆ ಎಟುಕದ ಮಾತು. ಆದ್ದರಿಂದ ಮಂಗೇಶರಾಯರು ಮಾತಿನಲ್ಲಿಯೇ ಚಿತ್ರ ಬಿಡಿಸಿದರು. ಅವರ ಕಥೆಗಳಲ್ಲಿ ಕಣ್ಣಿಗೆ ಕಟ್ಟುವ ಪ್ರಾಣಿ, ಓಟ, ಬೀಳುವಿಕೆ, ನಗೆ ಇರುತ್ತವೆ. ಮುಂದಿನ ಕಾಲದ ಪ್ರಕಾಶಕರು ಅವಕ್ಕೆ ಬಣ್ಣದ ಚಿತ್ರ ಹಾಕಿಸಿದಾಗ ಕಲಾವಿದರಿಗೆ ಕಷ್ಟವಾಗದಂತೆ ಎಲ್ಲವೂ ಕಥೆಯಲ್ಲಿ ಸಿದ್ಧವಿತ್ತು.

ಚಿತ್ರವಿರುವ ಕಥೆಪುಸ್ತಕ ಹೊಸದೇನಲ್ಲ. ನಮ್ಮ ನಾಡಿನ ಪಂಚತಂತ್ರವನ್ನು 8ನೆಯ ಶತಮಾನದಲ್ಲಿ ಇಬ್ನುಲ್ ಮುಕಫ್ಫ ಅವರು ಪಹ್ಲವಿ ಭಾಷೆಯಿಂದ ಅರಬಿಗೆ ತಂದು ಕಲೀಲ ವ ದಿಮ್ನ ಎಂದು ಹೆಸರಿಟ್ಟರು. ಅದರ ಹಸ್ತಪ್ರತಿಗಳಲ್ಲಿ ಸಿಂಹ, ಎತ್ತು, ನರಿಗಳ ಅಂದವಾದ ಬಣ್ಣದ ಚಿತ್ರಗಳಿವೆ. ಅದೇ ಪಂಚತಂತ್ರವನ್ನು 11ನೆಯ ಶತಮಾನದಲ್ಲಿ ದುರ್ಗಸಿಂಹನು ಕನ್ನಡಕ್ಕೆ ತಂದನು. ಯುರೋಪಿನಲ್ಲಿ ಕೊಮೇನಿಯಸ್ ಎಂಬ ಶಿಕ್ಷಣತಜ್ಞರು 1658ರಲ್ಲಿ ಚಿತ್ರಗಳ ಮೂಲಕ ಭಾಷೆ ಕಲಿಸುವ ಮಕ್ಕಳ ಪುಸ್ತಕವನ್ನು ಹೊರತಂದರು. ಒಳ್ಳೆಯ ಕಥೆಗೆ ಭಾಷೆಯ ಗಡಿಯಿಲ್ಲ ಎಂಬುದಕ್ಕೆ ಇವೆಲ್ಲ ಸಾಕ್ಷಿ.

ಉರ್ದು ಓದಿದವರಿಗೆ ಮಂಗೇಶರಾಯರನ್ನು ಪರಿಚಯಿಸಲು ಇನ್ನೊಂದು ಸುಲಭ ದಾರಿಯಿದೆ. ಮೀರತ್ತಿನಲ್ಲಿ 1844ರಲ್ಲಿ ಹುಟ್ಟಿ 1917ರಲ್ಲಿ ತೀರಿಕೊಂಡ ಮೌಲವಿ ಇಸ್ಮಾಯಿಲ್ ಮೀರಠಿ ಸಾಹೇಬರು ಶಾಲೆಯಲ್ಲಿ ಫಾರಸಿ ಕಲಿಸುತ್ತ ಮಕ್ಕಳಿಗಾಗಿ ಸರಳ ಉರ್ದುವಿನ ಪಾಠ ಪುಸ್ತಕ, ಪದ್ಯಗಳನ್ನು ಬರೆದರು. ಹಸು, ಮಳೆ, ಗಾಳಿಯಂಥ ಮಗುವಿನ ಕಣ್ಣ ಮುಂದಿನ ವಸ್ತುಗಳನ್ನೇ ಆರಿಸಿಕೊಂಡರು. ಉರ್ದು ತರಗತಿಗೆ ಮೀರಠಿ ಸಾಹೇಬರು ಹೇಗೋ ಕನ್ನಡ ತರಗತಿಗೆ ಮಂಗೇಶರಾಯರು ಹಾಗೆ. ಇಬ್ಬರೂ ಶಾಲೆಯ ಕೆಲಸದವರೇ ಎಂಬುದು ನಮ್ಮಂಥ ಶಿಕ್ಷಕರಿಗೆ ಹೆಮ್ಮೆಯ ಮಾತು.

ಕೊಡಗು, ರಾಯಚೂರು, ಹೈದರಾಬಾದು

ಆ ಮೇಲೆ ಮಂಗೇಶರಾಯರು ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಅಲ್ಲಿನ ಜನರ ಮನೆಮಾತು ಕೊಡವ. ಪರಸ್ಥಳದವರಾದರೂ ಅವರು ಆ ನಾಡನ್ನು ಎಷ್ಟು ಪ್ರೀತಿಸಿದರೆಂದರೆ, ಕೊಡಗಿನ ಸುಗ್ಗಿ ಹಬ್ಬದ ಮೇಲೆ ಅವರು ಬರೆದ ಹುತ್ತರಿ ಹಾಡನ್ನು ಕೊಡಗಿನವರು ಇಂದಿಗೂ ತಮ್ಮದೆಂದು ಹಾಡುತ್ತಾರೆ. ತುಳುವಿನ ಪಾಡ್ದನಗಳಲ್ಲಿದ್ದ ಅವಳಿ ವೀರರ ಕಥೆಯನ್ನು ಕೋಟಿ ಚೆನ್ನಯ ಎಂಬ ಪುಸ್ತಕದಿಂದ ಕನ್ನಡದ ಓದುಗರಿಗೆ ಮುಟ್ಟಿಸಿದರು. ಹೀಗೆ ಬೇರೆ ಬೇರೆ ಭಾಷೆಗಳ ಸಂಪತ್ತನ್ನು ಕನ್ನಡಕ್ಕೆ ತಂದರೇ ಹೊರತು, ಕನ್ನಡಕ್ಕಾಗಿ ಬೇರೆ ಭಾಷೆಯನ್ನು ಕೀಳಾಗಿ ಕಾಣಲಿಲ್ಲ.

1934ರಲ್ಲಿ ರಾಯಚೂರಿನಲ್ಲಿ ನಡೆದ 20ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ರಾಯಚೂರು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಅಲ್ಲಿನ ಆಡಳಿತ ಭಾಷೆ ಉರ್ದು. ಕನ್ನಡಿಗರು ಮದರಾಸು, ಮುಂಬಯಿ, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದ ಕಾಲವದು. ರಾಜ್ಯ ಒಂದಾದದ್ದು 1956ರಲ್ಲಿ. ಮಕ್ಕಳ ಹಾಡು ಕಥೆಗಳು ಮಾತ್ರ ಅದಕ್ಕೂ ಮೊದಲೇ ಈ ಗಡಿಗಳನ್ನು ದಾಟಿದ್ದವು.

1937ರ ಅಕ್ಟೋಬರ್ 25ರಂದು, 63ನೆಯ ವಯಸ್ಸಿನಲ್ಲಿ, ಮಂಗೇಶರಾಯರು ಹೈದರಾಬಾದಿನಲ್ಲಿ ನಿಧನರಾದರು. ಕೊಂಕಣಿಯ ಮನೆಯಲ್ಲಿ ಹುಟ್ಟಿ ಕನ್ನಡಕ್ಕೆ ದುಡಿದ ಜೀವ ಉರ್ದುವಿನ ನಗರದಲ್ಲಿ ಕೊನೆಯುಸಿರೆಳೆಯಿತು.

ಅವರು ಹಾಕಿದ ದಾರಿಯಲ್ಲಿ ಅನೇಕರು ನಡೆದರು. ಅದೇ ಜಿಲ್ಲೆಯ ಶಿವರಾಮ ಕಾರಂತರು ಬಾಲಪ್ರಪಂಚ ಎಂಬ ಸಚಿತ್ರ ಜ್ಞಾನಕೋಶವನ್ನು ಮೂರು ಸಂಪುಟಗಳಲ್ಲಿ ಕೊಟ್ಟರು. ಜಿ.ಪಿ. ರಾಜರತ್ನಂ ತುತ್ತೂರಿಯ ಪದ್ಯಗಳನ್ನು ಬರೆದರು. ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ಅಮರ ಚಿತ್ರ ಕಥೆ ಮಾಲೆಯನ್ನು ಆರಂಭಿಸಿದರು. ನಮ್ಮ ಬೆಂಗಳೂರಿನಲ್ಲಿಯೇ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಕನ್ನಡ, ಉರ್ದು ಸೇರಿದಂತೆ ಹಲವು ಭಾಷೆಗಳಲ್ಲಿ ಕಡಿಮೆ ಬೆಲೆಯ ಬಣ್ಣದ ಚಿತ್ರಪುಸ್ತಕಗಳನ್ನು ತರುತ್ತಿದೆ. ಮಂಗೇಶರಾಯರ ಕಾಲದಲ್ಲಿ ಇಲ್ಲದಿದ್ದ ಅನುಕೂಲ ಇಂದು ನಮಗಿದೆ.

ನಾವು ಮಾಡಬೇಕಾದದ್ದು

ನಕಲು ಬರೆಯುತ್ತಿದ್ದ ಆ ಹುಡುಗನ ವಿಷಯಕ್ಕೆ ಮತ್ತೆ ಬರುತ್ತೇನೆ. ಮುಂದಿನ ವಾರ ನಾನು ಅವನ ಕೈಗೆ ಮೂರು ಕರಡಿಗಳ ಚಿತ್ರಪುಸ್ತಕ ಕೊಟ್ಟೆ. ಓದು ಎಂದು ಹೇಳದೆ ಪುಟ ತಿರುಗಿಸಲು ಬಿಟ್ಟೆ. ಚಿತ್ರ ನೋಡಿ ಅವನು ಕುರ್ಸಿ ಎಂದ. ನಾನು ಕುರ್ಚಿ ಎಂದೆ. ಎರಡೂ ಒಂದೇ ಅಲ್ಲವೇ ಸಾರ್ ಎಂದು ಆಶ್ಚರ್ಯದಿಂದ ಕೇಳಿದ. ಹೌದು, ಒಂದೇ ಮೂಲದ ಪದ. ಕಾಗದ, ವಕೀಲ, ತಾರೀಖು ಇವೂ ಹಾಗೆಯೇ. ತನ್ನ ಮನೆಯ ಮಾತುಗಳು ಕನ್ನಡದಲ್ಲಿ ಇವೆ ಎಂದು ತಿಳಿದ ದಿನ ಅವನ ಅರ್ಧ ಹೆದರಿಕೆ ಹೋಯಿತು. ಆ ವರ್ಷವೇ ಅವನು ಮೊದಲಿಗನಾಗಲಿಲ್ಲ. ಆದರೆ ಅರ್ಥ ತಿಳಿಯದ ಪದ ಸಿಕ್ಕಿದಾಗ ಎದ್ದು ಕೇಳುವುದನ್ನು ಕಲಿತ.

ಆದ್ದರಿಂದ ಪೋಷಕರಲ್ಲಿ ನನ್ನ ವಿನಂತಿ ಇಷ್ಟೇ. ಹಬ್ಬಕ್ಕೆ ಬಟ್ಟೆ ತರುವಾಗ ಒಂದು ಕನ್ನಡ, ಒಂದು ಉರ್ದು ಚಿತ್ರಕಥೆಯ ಪುಸ್ತಕವನ್ನೂ ತನ್ನಿ. ಕನ್ನಡ ಓದಲು ಬಾರದ ತಾಯಂದಿರು ಚಿತ್ರ ತೋರಿಸಿ ಕಥೆಯನ್ನು ಉರ್ದುವಿನಲ್ಲಿಯೇ ಹೇಳಲಿ. ಮಗು ಅದನ್ನು ಶಾಲೆಯಲ್ಲಿ ಕನ್ನಡದಲ್ಲಿ ಓದಿಕೊಳ್ಳುತ್ತದೆ. ಸಂಘದ ಸದಸ್ಯರು ತಲಾ ಒಂದೊಂದು ಪುಸ್ತಕ ಕೊಟ್ಟರೂ ಒಂದು ಕಪಾಟು ತುಂಬುತ್ತದೆ. ಆ ಕಪಾಟಿಗೆ ಬೀಗ ಬೇಡ. ಪುಸ್ತಕ ಹರಿದರೆ ಅಂಟಿಸೋಣ; ಹರಿಯದೆ ಧೂಳು ಹಿಡಿದರೆ ಅದೇ ನಷ್ಟ.

ವಿದ್ಯಾರ್ಥಿಗಳಿಗೆ ಒಂದು ಮಾತು. ಮನೆಯ ಭಾಷೆ ಬೇರೆಯಾಗಿರುವುದು ಕೊರತೆಯಲ್ಲ. ಕೊಂಕಣಿ ಮಾತಿನ ಒಬ್ಬ ಹುಡುಗ ಶಾಲೆಯಲ್ಲಿ ಕಲಿತ ಕನ್ನಡದಿಂದಲೇ ಇಡೀ ನಾಡಿನ ಮಕ್ಕಳಿಗೆ ಕಥೆ ಹೇಳಿದರು. ನಿಮ್ಮಲ್ಲಿಯೂ ಒಬ್ಬರು ನಾಳೆ ಹೂಡಿಯ ಮಕ್ಕಳ ಕಥೆಯನ್ನು ಕನ್ನಡದಲ್ಲಿ ಬರೆಯಬಹುದು. ಅದಕ್ಕೆ ಮೊದಲ ಕೆಲಸ, ಇಂದು ಒಂದು ಕಥೆಪುಸ್ತಕ ತೆರೆಯುವುದು.