ಬಿ. ಎಲ್. ರೈಸ್ ಸಾಹೇಬರ ಜೀವಿತವೂ ಕನ್ನಡ ವ್ಯಾಕರಣದ ಪಾಠಕ್ರಮವೂ

ಮಾಧ್ಯಮಿಕ ತರಗತಿಗಳ ಹೆಣ್ಣುಮಕ್ಕಳಿಗೆ ಕನ್ನಡವನ್ನು ಯಾವ ಕ್ರಮದಿಂದ ಕಲಿಸಬೇಕು, ಬರವಣಿಗೆ ಮೊದಲೋ ವ್ಯಾಕರಣ ಮೊದಲೋ ಎಂಬ ಪ್ರಶ್ನೆಯು ಉಪಾಧ್ಯಾಯಿನಿಯರನ್ನೂ ತಾಯಿತಂದೆಗಳನ್ನೂ ಬಹುಕಾಲದಿಂದ ಕಾಡುತ್ತಿರುವುದು. ಸಂಧಿಸಮಾಸಗಳನ್ನು ಬಾಯಿಪಾಠ ಮಾಡಿದ ಹುಡುಗಿಯು ತನ್ನ ತಾಯಿಗೆ ಒಂದು ಕಾಗದವನ್ನು ತಪ್ಪಿಲ್ಲದೆ ಬರೆಯಲಾರದೆ ಹೋಗುವುದುಂಟು. ಸರಾಗವಾಗಿ ಬರೆಯುವ ಮತ್ತೊಬ್ಬಳು ತಾನು ಬರೆದ ವಾಕ್ಯದಲ್ಲಿ ಕರ್ತೃಪದವಾವುದೆಂದು ಕೇಳಿದರೆ ಸುಮ್ಮನೆ ನಿಲ್ಲುವುದೂ ಉಂಟು. ಈ ಎರಡು ಕೊರತೆಗಳಿಗೂ ಪರಿಹಾರವನ್ನು ಹುಡುಕುವವರು ಬೆಂಜಮಿನ್ ಲೂಯಿಸ್ ರೈಸ್ ಎಂಬ ಮಹನೀಯರ ಜೀವಿತವನ್ನು ಪರ್ಯಾಲೋಚಿಸುವುದು ಫಲಕರವಾದುದು. ಶಾಸನಪಿತಾಮಹರೆಂದು ಕನ್ನಡಿಗರೆಲ್ಲರೂ ಅವರನ್ನು ಬಲ್ಲರು. ಆದರೆ ಅವರು ಶಾಸನಗಳ ಕಡೆಗೆ ತಿರುಗುವುದಕ್ಕೆ ಮೊದಲು ಶಾಲೆಯ ಉಪಾಧ್ಯಾಯರಾಗಿದ್ದರು. ಶಾಲೆಯ ಕೆಲಸವೇ ಅವರನ್ನು ಶಾಸನಗಳ ಬಳಿಗೆ ಕರೆದೊಯ್ದಿತು. ಈ ಸಂಗತಿಯನ್ನು ನೆನೆಯುವವರು ಕಡಿಮೆ.

ರೈಸ್ ಸಾಹೇಬರು 1837ನೆಯ ಇಸವಿ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ಅವರ ತಂದೆಯಾದ ಬೆಂಜಮಿನ್ ರೈಸ್‌ರವರು ಲಂಡನ್ ಮಿಷನ್ನಿನ ಬೋಧಕರಾಗಿ ಅದೇ ವರ್ಷ ಬೆಂಗಳೂರಿಗೆ ಬಂದವರು. ಜಾನ್ ಹ್ಯಾಂಡ್ಸ್ ಮೊದಲಾದವರು ಬಳ್ಳಾರಿಯಲ್ಲಿ ಶ್ರಮಪಟ್ಟು 1831ರಲ್ಲಿ ಪೂರ್ಣಗೊಳಿಸಿದ್ದ ಕನ್ನಡ ಸತ್ಯವೇದವನ್ನು ಮುಂದೆ ತಿದ್ದಿ ಪರಿಷ್ಕರಿಸಿದವರಲ್ಲಿ ಈ ಹಿರಿಯ ರೈಸರೂ ಒಬ್ಬರು. ಬೆಂಗಳೂರಿನ ರೈಸ್ ಸ್ಮಾರಕ ದೇವಾಲಯವು ಅವರ ಹೆಸರಿನದೇ. ತಾಯಿಯಾದ ಜೇನ್ ರೈಸಮ್ಮನವರು ಬೆಂಗಳೂರಿನಲ್ಲಿ ಕನ್ನಡ ಹೆಣ್ಣುಮಕ್ಕಳಿಗಾಗಿ ಮೊದಮೊದಲು ಶಾಲೆಯನ್ನು ತೆರೆದ ಮಹಿಳೆಯರಲ್ಲಿ ಸೇರಿದವರು. ಹೆಣ್ಣುಮಗುವಿನ ಕೈಗೆ ಬಳಪವನ್ನು ಕೊಡುವುದೆಂದರೆ ಊರಿನವರು ಬೆರಗಾಗಿ ನೋಡುತ್ತಿದ್ದ ಕಾಲವದು. ಹೀಗೆ ಒಂದು ಕಡೆ ಪ್ರತಿಯೊಂದು ಮಾತನ್ನೂ ತೂಗಿ ತಿದ್ದುವ ತಂದೆ, ಇನ್ನೊಂದು ಕಡೆ ಮೊದಲಕ್ಷರವನ್ನು ತಿದ್ದಿಸುವ ತಾಯಿ, ಇವರಿಬ್ಬರ ಮನೆಯಲ್ಲಿ ಹುಟ್ಟಿದ ಮಗನಿಗೆ ಕನ್ನಡವು ಪರಭಾಷೆಯಾಗಿ ಉಳಿಯಲಿಲ್ಲವೆಂದರೆ ಆಶ್ಚರ್ಯವಿಲ್ಲ.

ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿಕೊಂಡು ರೈಸ್ ಸಾಹೇಬರು 1860ರಲ್ಲಿ ಬೆಂಗಳೂರಿಗೆ ಹಿಂತಿರುಗಿ, ಮುಂದೆ ಸೆಂಟ್ರಲ್ ಕಾಲೇಜೆಂದು ಹೆಸರಾದ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. 1865ರಲ್ಲಿ ಮೈಸೂರು ಕೊಡಗು ಸೀಮೆಗಳ ಶಾಲೆಗಳಿಗೆ ಇನ್ಸ್‌ಪೆಕ್ಟರರಾಗಿ ನೇಮಕವಾದರು. ಅಂದಿನಿಂದ ಅವರು ಊರೂರು ಸುತ್ತಬೇಕಾಯಿತು. ಆ ಸಂಚಾರದಲ್ಲಿ ಅವರು ಕಂಡುದೇನು? ಸರಕಾರದ ಶಾಲೆಗಳು ಬಹುಮಟ್ಟಿಗೆ ಪಟ್ಟಣಗಳಲ್ಲಿಯೇ ಇದ್ದವು. ಹಳ್ಳಿಗಳಲ್ಲಿದ್ದುದು ಕೂಲಿಮಠ. ಜಗಲಿಯ ಮೇಲೆ ಹುಡುಗರು ಮರಳಿನಲ್ಲಿ ಬೆರಳಿಟ್ಟು ಅಕ್ಷರವನ್ನು ತಿದ್ದುವರು. ಮಗ್ಗಿಯನ್ನು ಒಂದೇ ಕೊರಳಿನಿಂದ ಕೂಗುವರು. ಅಮರಕೋಶದ ಶ್ಲೋಕಗಳನ್ನೂ ಜೈಮಿನಿ ಭಾರತದ ಪದ್ಯಗಳನ್ನೂ ಅರ್ಥವನ್ನರಿಯದೆ ಒಪ್ಪಿಸುವರು. ಜ್ಞಾಪಕಶಕ್ತಿಗೆ ಇದರಿಂದ ಸಾಧನೆಯಾಗುತ್ತಿದ್ದುದು ನಿಜವೇ. ಆದರೆ ತನ್ನ ಮನಸ್ಸಿನಲ್ಲಿದ್ದುದನ್ನು ತನ್ನ ಮಾತಿನಲ್ಲಿ ಬರೆದು ತಿಳಿಸುವ ಅಭ್ಯಾಸಕ್ಕೆ ಅಲ್ಲಿ ಹೆಚ್ಚು ಎಡೆಯಿರಲಿಲ್ಲ.

ಇದನ್ನು ನೋಡಿದ ಅಧಿಕಾರಿಯು ಎರಡರಲ್ಲಿ ಒಂದು ದಾರಿಯನ್ನು ಹಿಡಿಯಬಹುದಾಗಿತ್ತು. ಪಟ್ಟಣದ ಇಂಗ್ಲಿಷ್ ಶಾಲೆಗಳನ್ನೇ ಬೆಳೆಸಿ, ವಿದ್ಯೆಯು ಅಲ್ಲಿಂದ ತಾನಾಗಿ ಹಳ್ಳಿಗೆ ಇಳಿಯಲಿ ಎಂದು ಕಾದಿರಬಹುದು. ಇಲ್ಲವೆ ಹಳ್ಳಿಯಲ್ಲಿಯೇ ಕನ್ನಡದಲ್ಲಿಯೇ ಆರಂಭಿಸಬಹುದು. ರೈಸ್ ಸಾಹೇಬರು ಎರಡನೆಯ ದಾರಿಯನ್ನು ಹಿಡಿದರು. ಹೋಬಳಿಗೊಂದು ಶಾಲೆಯಿರಬೇಕು, ಅದರಲ್ಲಿ ದೇಶಭಾಷೆಯಲ್ಲಿ ಪಾಠವಾಗಬೇಕು, ಉಪಾಧ್ಯಾಯರಿಗೆ ನಾರ್ಮಲ್ ಶಾಲೆಗಳಲ್ಲಿ ತರಬೇತನ್ನು ಕೊಡಬೇಕು ಎಂಬ ಯೋಜನೆಯನ್ನು 1868ರಲ್ಲಿ ಸರಕಾರಕ್ಕೆ ಒಪ್ಪಿಸಿದರು. ಅದು ಅಂಗೀಕೃತವಾಯಿತು. ಹೋಬಳಿ ಶಾಲೆಯೆಂಬ ಹೆಸರು ಮೈಸೂರು ಸೀಮೆಯಲ್ಲಿ ಮನೆಮಾತಾದುದು ಹೀಗೆ. ತಾವೇ ವಿದ್ಯಾ ಇಲಾಖೆಯ ಡೈರೆಕ್ಟರರಾದ ಮೇಲೆ ಅವರು ಈ ಕೆಲಸವನ್ನು ಮುಂದುವರಿಸಿದರು. ನಡುವೆ 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಘೋರವಾದ ಕ್ಷಾಮವು ಆವರಿಸಿ ಲಕ್ಷಾಂತರ ಜನರು ಮಡಿದರು. ಅನ್ನವಿಲ್ಲದ ಊರಿನಲ್ಲಿ ಶಾಲೆಯು ನಿಲ್ಲುವುದೇ ದುಸ್ತರವಲ್ಲವೆ? ಆದರೂ ಯೋಜನೆಯ ಮೂಲವು ಅಳಿಯಲಿಲ್ಲ. 1882ರಲ್ಲಿ ಹಂಟರ್ ಸಾಹೇಬರ ಅಧ್ಯಕ್ಷತೆಯಲ್ಲಿ ಇಂಡಿಯಾ ದೇಶದ ವಿದ್ಯಾಭ್ಯಾಸವನ್ನು ಕುರಿತು ವಿಚಾರಿಸಲು ಆಯೋಗವು ನೇಮಕವಾದಾಗ, ಅದರ ಕಾರ್ಯದರ್ಶಿಯಾಗಲು ಕರೆಬಂದುದು ರೈಸ್ ಸಾಹೇಬರಿಗೇ.

ಶಾಲೆಯು ತೆರೆದ ಮೇಲೆ ಮತ್ತೊಂದು ಪ್ರಶ್ನೆಯು ಏಳುವುದು. ಕನ್ನಡವನ್ನು ಕಲಿಸುವ ಉಪಾಧ್ಯಾಯನು ಯಾವುದನ್ನು ಪ್ರಮಾಣವೆಂದು ಹಿಡಿಯಬೇಕು? ಸಂಸ್ಕೃತದ ಅಚ್ಚಿನಲ್ಲಿಯೋ ಇಂಗ್ಲಿಷಿನ ಅಚ್ಚಿನಲ್ಲಿಯೋ ಕನ್ನಡವನ್ನು ಎರಕ ಹೊಯ್ಯಬೇಕೆ? ಅಥವಾ ಕನ್ನಡಕ್ಕೆ ತನ್ನದೇ ಆದ ಕಟ್ಟಳೆಯುಂಟೆ? ಉಂಟೆಂಬುದನ್ನು ನಮ್ಮ ಪೂರ್ವಿಕರು ಬರೆದಿಟ್ಟಿದ್ದರು. ಆದರೆ ಅವರ ಗ್ರಂಥಗಳು ಓಲೆಗರಿಗಳಲ್ಲಿ ಅಡಗಿದ್ದವು. ಅವನ್ನು ಬೆಳಕಿಗೆ ತರುವ ಕಾರ್ಯದಲ್ಲಿ ಮಿಷನ್ ಬೋಧಕರ ಪಾಲು ದೊಡ್ಡದು. ಕೇಶಿರಾಜನ ಶಬ್ದಮಣಿದರ್ಪಣವನ್ನು ಗ್ಯಾರೆಟ್‌ರವರು 1868ರಲ್ಲಿ ಬೆಂಗಳೂರಿನಲ್ಲಿಯೂ, ಕಿಟ್ಟೆಲ್‌ರವರು 1872ರಲ್ಲಿ ಮಂಗಳೂರಿನಲ್ಲಿಯೂ ಅಚ್ಚುಹಾಕಿಸಿದರು. ರೈಸ್ ಸಾಹೇಬರು ಸಂಸ್ಕೃತದ ಅಮರಕೋಶವನ್ನು ಇಂಗ್ಲಿಷ್ ಕನ್ನಡ ಅರ್ಥಗಳೊಡನೆ 1873ರಲ್ಲಿ ಪ್ರಕಟಿಸಿದರು. ಕೂಲಿಮಠದ ಹುಡುಗನು ಅರ್ಥವಿಲ್ಲದೆ ಒಪ್ಪಿಸುತ್ತಿದ್ದ ಗ್ರಂಥಕ್ಕೆ ಹೀಗೆ ಅರ್ಥವು ಕೂಡಿಬಂದಿತು. ಬಳಿಕ ಬಿಬ್ಲಿಯೋಥಿಕಾ ಕರ್ಣಾಟಿಕಾ ಎಂಬ ಗ್ರಂಥಮಾಲೆಯಲ್ಲಿ ನಾಗವರ್ಮನ ಕರ್ಣಾಟಕ ಭಾಷಾಭೂಷಣವನ್ನು 1884ರಲ್ಲಿಯೂ, ಭಟ್ಟಾಕಳಂಕನು 1604ರಲ್ಲಿ ಮುಗಿಸಿದ 592 ಸೂತ್ರಗಳ ಕರ್ಣಾಟಕ ಶಬ್ದಾನುಶಾಸನವನ್ನು 1890ರಲ್ಲಿಯೂ ಹೊರತಂದರು. ಪಂಪರಾಮಾಯಣ, ಪಂಪಭಾರತಗಳೂ ಅವರ ಸಂಪಾದಕತ್ವದಲ್ಲಿ ಬೆಳಕು ಕಂಡವು. ಹೀಗೆ ವ್ಯಾಕರಣವೂ, ವ್ಯಾಕರಣಕ್ಕೆ ಆಧಾರವಾದ ಕಾವ್ಯವೂ ಓದುವವರ ಕೈಗೆ ಬಂದವು.

ಇನ್ನು ಶಾಸನಗಳ ವಿಷಯ. ಶಾಲೆಗಳ ತನಿಖೆಗೆಂದು ಹೋದ ಊರುಗಳಲ್ಲಿ, ಗುಡಿಯ ಮುಂದೆಯೋ ಕೆರೆಯ ಏರಿಯ ಮೇಲೆಯೋ ನಿಂತಿದ್ದ ಬರಹದ ಕಲ್ಲುಗಳು ರೈಸ್ ಸಾಹೇಬರ ಕಣ್ಣಿಗೆ ಬೀಳುತ್ತಿದ್ದವು. ಮೇಜರ್ ಡಿಕ್ಸನ್‌ರವರು ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳನ್ನು ಓದುವ ಕೆಲಸವೂ ಅವರಿಗೆ ಬಂದಿತು. ಅದರ ಫಲವಾಗಿ 1879ರಲ್ಲಿ ಮೈಸೂರು ಶಾಸನಗಳ ಪುಸ್ತಕವು ಹೊರಟಿತು. 1890ರಿಂದ ಅವರು ಪೂರ್ಣಕಾಲವೂ ಪ್ರಾಚ್ಯಶೋಧನೆಯ ಇಲಾಖೆಯ ಮುಖ್ಯಾಧಿಕಾರಿಗಳಾದರು. ಪಂಡಿತರ ನೆರವಿನಿಂದ ಅವರು ಪ್ರಕಟಿಸಿದ ಎಪಿಗ್ರಾಫಿಯಾ ಕರ್ಣಾಟಿಕಾ ಎಂಬ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳು ಅಡಕವಾಗಿರುವುವು. ಅವುಗಳಲ್ಲಿ 1902ರಲ್ಲಿ ಹೊರಟ ಏಳನೆಯ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರ ತಾಲ್ಲೂಕುಗಳೊಡನೆ ನಮ್ಮ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳಿರುವುವು. ಇತ್ತೀಚೆಗೆ ಪ್ರತ್ಯೇಕ ತಾಲ್ಲೂಕಾಗಿರುವ ನ್ಯಾಮತಿಯು ಆಗ ಹೊನ್ನಾಳಿಗೇ ಸೇರಿದ್ದಿತು. ಸಿಂದರ ರಾಜಧಾನಿಯಾಗಿದ್ದ ಬೆಳಗುತ್ತಿಯ ಶಾಸನಗಳು ಅದೇ ಸಂಪುಟದಲ್ಲಿರುವುದು ಈ ಕಾರಣದಿಂದ. ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಜಗಳೂರಿನ ಶಾಸನಗಳು 1903ರ ಹನ್ನೊಂದನೆಯ ಸಂಪುಟದಲ್ಲಿರುವುವು. 1997ರಲ್ಲಿ ದಾವಣಗೆರೆ ಜಿಲ್ಲೆಯು ಏರ್ಪಟ್ಟು ಈ ತಾಲ್ಲೂಕುಗಳೆಲ್ಲ ಒಂದೇ ಜಿಲ್ಲೆಗೆ ಬಂದುವು. ರೈಸ್ ಸಾಹೇಬರ ಸಂಪುಟಗಳಲ್ಲಿ ಮಾತ್ರ ಹಳೆಯ ಎಲ್ಲೆಗಳೇ ಉಳಿದಿರುವುವು.

ಈ ಎರಡು ಸಂಪುಟಗಳಲ್ಲಿ ಶಾಲೆಗೆ ನೇರವಾಗಿ ಸಂಬಂಧಿಸಿದ ಎರಡು ಶಾಸನಗಳನ್ನು ಇಲ್ಲಿ ಹೇಳದೆ ಬಿಡಲಾಗದು. ಮೊದಲನೆಯದು ನ್ಯಾಮತಿಗೆ ನೆರೆಯಾದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯದು; 1162ನೆಯ ಇಸವಿಯದು. ಅಲ್ಲಿಯ ಕೋಡಿಯ ಮಠದಲ್ಲಿ ವೇದಗಳ ಜೊತೆಗೆ ಕೌಮಾರ, ಪಾಣಿನೀಯ, ಶಾಕಟಾಯನ, ಶಬ್ದಾನುಶಾಸನ ಮೊದಲಾದ ವ್ಯಾಕರಣಗಳ ವ್ಯಾಖ್ಯಾನವು ನಡೆಯುತ್ತಿತ್ತೆಂದೂ, ಬಡವರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿತ್ತೆಂದೂ ಅದು ತಿಳಿಸುವುದು. ಈ ಶಬ್ದಾನುಶಾಸನವು ಭಟ್ಟಾಕಳಂಕನ ಗ್ರಂಥವಲ್ಲ. ಅವನಿಗಿಂತ ಬಹು ಹಿಂದಿನದು. ವ್ಯಾಕರಣದ ಪಾಠಕ್ರಮವೆಂಬುದು ಈ ನಾಡಿಗೆ ಹೊಸದಾಗಿ ಬಂದ ವಸ್ತುವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಎರಡನೆಯದು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನ. ಇದನ್ನು ರೈಸ್ ಸಾಹೇಬರು 1892ರಲ್ಲಿ ಕಂಡುಹಿಡಿದರು. ತಾಯಿತಂದೆಗಳ ಮಾತನ್ನು ಕೇಳಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ಉಪದೇಶವು ಅದರಲ್ಲಿರುವುದು. ಅದನ್ನು ಬರೆದ ಲಿಪಿಕಾರನಾದ ಚಪಡನು ತನ್ನ ಹೆಸರನ್ನೂ ಅಲ್ಲಿ ಬಿಟ್ಟುಹೋಗಿರುವನು. ಶಾಲೆಗಳ ಇನ್ಸ್‌ಪೆಕ್ಟರರಾಗಿದ್ದವರ ಕಣ್ಣಿಗೇ ಇಂತಹ ಬರಹವು ಬಿದ್ದುದು ದೈವಸಂಕಲ್ಪವೆಂದೇ ತೋರುವುದು.

ಶಾಸನಗಳಿಂದ ವ್ಯಾಕರಣಕ್ಕಾದ ಉಪಕಾರವೇನು? ಕಾವ್ಯದ ಓಲೆಯನ್ನು ಪ್ರತಿಮಾಡುವವನು ಹಳೆಯ ರೂಪವನ್ನು ಹೊಸದಾಗಿ ತಿದ್ದಿಬಿಡಬಹುದು. ಕಲ್ಲಿನ ಮೇಲಣ ಬರಹವು ಕೆತ್ತಿದ ದಿನ ಹೇಗಿತ್ತೋ ಹಾಗೆಯೇ ಇರುವುದು, ಅನೇಕ ವೇಳೆ ಕಾಲವನ್ನೂ ಹೇಳುವುದು. ಪೊಲವು ಹೊಲವಾದುದು, ಪಳ್ಳಿಯು ಹಳ್ಳಿಯಾದುದು, ಪೊನ್ನು ಹೊನ್ನಾದುದು, ಱ ೞ ಎಂಬ ಅಕ್ಷರಗಳು ಬಳಕೆಯಿಂದ ಜಾರಿದುದು, ಇವೆಲ್ಲವನ್ನೂ ಶಾಸನಗಳನ್ನು ಕಾಲಾನುಕ್ರಮದಲ್ಲಿಟ್ಟು ನೋಡಿದರೆ ಕಣ್ಣಾರೆ ಕಾಣಬಹುದು. ಪೂರ್ವದ ಹಳಗನ್ನಡ, ಹಳಗನ್ನಡ, ಹೊಸಗನ್ನಡ ಎಂಬ ವಿಭಾಗವನ್ನು ರೈಸ್ ಸಾಹೇಬರು ವಿವರಿಸಿದುದು ಈ ಬಗೆಯ ಸಾಮಗ್ರಿಯ ಬಲದಿಂದ. ವ್ಯಾಕರಣದ ನಿಯಮವು ಯಾರೋ ಮನಬಂದಂತೆ ಹೇರಿದ ಶಿಕ್ಷೆಯಲ್ಲ, ಜನರ ಬಾಯಲ್ಲಿ ಬೆಳೆದು ಬಂದ ನಡೆ ಎಂಬುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಸುಲಭವಾದ ಸಾಧನವಿಲ್ಲ.

ಅವರ ಕೆಲಸದಲ್ಲಿ ದೋಷಗಳೇ ಇರಲಿಲ್ಲವೆಂದು ಹೇಳಲಾಗದು. ಗಂಗರ ತಾಮ್ರಶಾಸನಗಳ ಸತ್ಯಾಸತ್ಯತೆಯ ವಿಷಯದಲ್ಲಿ ಫ್ಲೀಟ್ ಎಂಬ ವಿದ್ವಾಂಸರಿಗೂ ಅವರಿಗೂ ದೀರ್ಘಕಾಲ ವಾದವು ನಡೆಯಿತು. ಅವರಿಗೆ ದೊರೆಯದ ಶಾಸನಗಳೂ ಮುಂದೆ ಹಲವು ದೊರೆತವು. ಕನ್ನಡದ ಅತಿಪ್ರಾಚೀನ ಶಾಸನಗಳಲ್ಲಿ ಒಂದಾದ ಹಲ್ಮಿಡಿಯದು 1936ರಲ್ಲಿ ಎಂ. ಎಚ್. ಕೃಷ್ಣರವರಿಂದ ಬೆಳಕಿಗೆ ಬಂದಿತು. ಆದರೆ ಒಮ್ಮೆ ಬರೆದುದೇ ಕೊನೆಯೆಂದು ರೈಸ್ ಸಾಹೇಬರು ಎಣಿಸಲಿಲ್ಲ. 1876ರಿಂದ ಹೊರಡತೊಡಗಿದ್ದ ತಮ್ಮ ಮೈಸೂರು ಗೆಜೆಟಿಯರನ್ನು ಇಪ್ಪತ್ತು ವರ್ಷಗಳ ತರುವಾಯ ಪುನಃ ಪರಿಶೋಧಿಸಿ 1897ರಲ್ಲಿ ಹೊಸದಾಗಿ ಪ್ರಕಟಿಸಿದರು. ತಿದ್ದಿ ಬರೆಯುವುದನ್ನು ದಂಡನೆಯೆಂದು ಭಾವಿಸುವ ನಮ್ಮ ಮಕ್ಕಳು ಇದನ್ನು ಗಮನಿಸತಕ್ಕದ್ದು. 1906ರಲ್ಲಿ ನಿವೃತ್ತರಾಗಿ, ಇಲಾಖೆಯನ್ನು ಆರ್. ನರಸಿಂಹಾಚಾರ್ಯರಂಥ ಸಮರ್ಥರ ಕೈಗೆ ಬಿಟ್ಟು, ಅವರು ಇಂಗ್ಲೆಂಡಿಗೆ ತೆರಳಿದರು. ಅಲ್ಲಿಯೂ ಸುಮ್ಮನಿರದೆ, ಶಾಸನಗಳಿಂದ ತಿಳಿದುಬಂದ ಮೈಸೂರು ಕೊಡಗುಗಳ ಚರಿತ್ರೆಯನ್ನು 1909ರಲ್ಲಿ ಬರೆದು ಮುಗಿಸಿದರು. 1927ನೆಯ ಇಸವಿ ಜುಲೈ ತಿಂಗಳಲ್ಲಿ, ತೊಂಬತ್ತು ವರ್ಷಗಳು ತುಂಬಲು ಕೆಲವೇ ದಿನಗಳಿರುವಾಗ, ಹ್ಯಾರೋ ಎಂಬಲ್ಲಿ ದೈವಾಧೀನರಾದರು.

ಈ ಜೀವಿತದಿಂದ ನಮ್ಮ ಪಾಠಕ್ರಮಕ್ಕೆ ದೊರೆಯುವ ಬೋಧೆಯು ಯಾವುದು? ರೈಸ್ ಸಾಹೇಬರ ಕೆಲಸವು ನಡೆದುಬಂದ ಕ್ರಮವನ್ನೇ ನೋಡಿರಿ. ಮೊದಲು ಹೋಬಳಿಯ ಶಾಲೆ, ಎಂದರೆ ಮಗುವಿನ ಸ್ವಂತ ಮಾತು. ಆಮೇಲೆ ಅರ್ಥದೊಡನೆ ಕೋಶ. ಅದರ ಮೇಲೆ ವ್ಯಾಕರಣ. ಜೊತೆಜೊತೆಗೆ ಊರಿನ ಕಲ್ಲು. ಕೇಶಿರಾಜನ ಗ್ರಂಥವು ಸಂಧಿಯಿಂದ ಮೊದಲಾಗಿ ನಾಮ, ಸಮಾಸ, ತದ್ಧಿತ, ಆಖ್ಯಾತಗಳ ಮೂಲಕ ಅವ್ಯಯದವರೆಗೆ ನಡೆಯುವುದು. ಇದು ಭಾಷೆಯನ್ನು ಚೆನ್ನಾಗಿ ಬಲ್ಲ ವಿದ್ವಾಂಸರಿಗೆ ತಕ್ಕ ಕ್ರಮ. ಹನ್ನೊಂದು ವರ್ಷದ ಹುಡುಗಿಗೆ ಅದೇ ಕ್ರಮವನ್ನು ಹಿಡಿಸಿದರೆ ಅವಳು ಸೂತ್ರವನ್ನು ಒಪ್ಪಿಸುವಳೇ ಹೊರತು ಅದನ್ನು ಬಳಸಲಾರಳು. ಆದಕಾರಣ ಆರನೆಯ ತರಗತಿಯಲ್ಲಿ ಕಂಡುದನ್ನೂ ಕೇಳಿದುದನ್ನೂ ಸಣ್ಣ ವಾಕ್ಯಗಳಲ್ಲಿ ಬರೆಯಿಸಿ, ಆ ವಾಕ್ಯಗಳಲ್ಲಿಯೇ ಕರ್ತೃ, ಕರ್ಮ, ಕ್ರಿಯೆಗಳನ್ನು ಗುರುತಿಸಲು ಕಲಿಸಬೇಕು. ಏಳನೆಯದರಲ್ಲಿ ಕಾಗದ, ಕಥೆ, ಊರಿನ ವರ್ಣನೆಗಳನ್ನು ಬರೆಯಿಸಿ, ಅವಳ ಬರಹದಿಂದಲೇ ಉದಾಹರಣೆಯನ್ನು ತೆಗೆದು, ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಎಂದಾದಾಗ ಲೋಪ, ಕೆರೆ ಮತ್ತು ಅನ್ನು ಸೇರಿ ಕೆರೆಯನ್ನು ಎಂದಾದಾಗ ಆಗಮ, ಮಳೆ ಮತ್ತು ಕಾಲ ಸೇರಿ ಮಳೆಗಾಲವೆಂದಾದಾಗ ಆದೇಶ ಎಂದು ತೋರಿಸಬೇಕು. ಎಂಟನೆಯದರಲ್ಲಿ ಹಳಗನ್ನಡದ ಸುಲಭವಾದ ಪದ್ಯಗಳನ್ನೂ ಊರಿನ ಒಂದೆರಡು ಶಾಸನಗಳನ್ನೂ ಓದಿಸಿ, ಮಾತು ಹೇಗೆ ಮಾರ್ಪಟ್ಟಿತೆಂಬುದನ್ನು ತಿಳಿಸಬೇಕು. ಮೂರು ವರ್ಷಗಳಲ್ಲಿಯೂ ಬರೆದುದನ್ನು ತಿದ್ದಿ ಮತ್ತೊಮ್ಮೆ ಬರೆಯುವ ವಾಡಿಕೆಯು ಬಿಡಬಾರದು.

ತಾಯಿತಂದೆಗಳಿಗೂ ಇಲ್ಲಿ ಕರ್ತವ್ಯವುಂಟು. ಚನ್ನಗಿರಿಯವರು ತಮ್ಮ ಊರಿಗೆ ಕೆಳದಿಯ ರಾಣಿ ಚನ್ನಮ್ಮಾಜಿಯ ಹೆಸರು ಬಂದ ಬಗೆಯನ್ನು ಮಗಳಿಗೆ ಹೇಳಲಿ. ಅವಳು ಅದನ್ನು ಬರೆಯಲಿ. ಹೊನ್ನಾಳಿಯವರು ತುಂಗಭದ್ರೆಯ ದಡವನ್ನು, ನ್ಯಾಮತಿಯವರು ಬೆಳಗುತ್ತಿಯ ಕಲ್ಲುಗಳನ್ನು, ಜಗಳೂರಿನವರು ಬ್ರಹ್ಮಗಿರಿಯನ್ನು ತೋರಿಸಿ ಬರಲಿ. ಹಳೆಯ ವಿದ್ಯಾರ್ಥಿನಿಯರು ತಮ್ಮ ಮಕ್ಕಳಿಗೆ ವಾರಕ್ಕೊಂದು ಕಾಗದವನ್ನು ಬರೆಯಿಸಲಿ. ತಮಗೆ ಬಂದ ತಲಾಂತನ್ನು ನೆಲದಲ್ಲಿ ಹೂತಿಡದೆ ಹೆಚ್ಚಿಸಿ ಒಪ್ಪಿಸಿದ ಸೇವಕರಂತೆ ರೈಸ್ ಸಾಹೇಬರು ತಾಯಿಯ ಶಾಲೆಯಿಂದ ಪಡೆದ ಕನ್ನಡವನ್ನು ನಾಡಿಗೆ ನೂರ್ಮಡಿಯಾಗಿ ಹಿಂತಿರುಗಿಸಿದರು. ನಮ್ಮ ಹೆಣ್ಣುಮಕ್ಕಳೂ ತಾವು ಪಡೆದುದನ್ನು ಹಾಗೆಯೇ ಹೆಚ್ಚಿಸುವಂತೆ ಕರುಣಾಳುವಾದ ದೇವರು ಅನುಗ್ರಹಿಸಲಿ.